ಸ್ಲೋ ಸ್ಕ್ರೂ ಬಿಟ್ಟು ಮಾತಾಡ್ರಿ

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಅತಿ ಹೆಚ್ಚು ಹಿಂಸೆ ತಿಂದ ವಸ್ತು ಯಾವುದು ಅಂತ ಯಾರಾದರೂ ಕೇಳಿದರೆ, ನಾನು ಹಿಂದೆಮುಂದೆ ನೋಡದೆ ಹೇಳ್ತೀನಿ: ಬೈಕಿನ ಕಾರ್ಬೋರೇಟರ್ ಪಕ್ಕದಲ್ಲಿ ಸ್ಪ್ರಿಂಗ್ ಸುತ್ತಿಕೊಂಡು ಕೂತಿರುವ ಆ ಸಣ್ಣ ಸ್ಕ್ರೂ. ನಾವು ಅದಕ್ಕೆ ಸ್ಲೋ ಸ್ಕ್ರೂ ಅಂತೀವಿ. ಗಾಡಿ ಸಿಗ್ನಲ್‌ನಾಗ ಬಂದ್ ಬಿತ್ತೋ, ತಿರುವು ಅದನ್ನ. ಮುಂಜಾನೆ ಚಾಲೂ ಆಗಲಿಲ್ಲವೋ, ತಿರುವು ಅದನ್ನ. ಚೋಕ್ ತೆಗೆದ ಕೂಡಲೇ ಸತ್ತಿತೋ, ಮತ್ತೆ ತಿರುವು. ವಿಜಯಪುರದ ಓಣಿಯ ಗ್ಯಾರೇಜಿನಿಂದ ಹಿಡಿದು ತಿಕೋಟಾ, ಬಬಲೇಶ್ವರದ ಬಸ್‌ಸ್ಟ್ಯಾಂಡ್ ಬಾಜೂಕಿನ ತಗಡಿನ ಶೆಡ್ಡಿನ ತನಕ ಎಲ್ಲಾ ರೋಗಕ್ಕೂ ಇದೊಂದೇ ಔಷಧ. ಜ್ವರ ಬಂದವನಿಗೆ ಥರ್ಮಾಮೀಟರ್ ಒಡೆದು ಹಾಕಿ, "ಇನ್ನ ಜ್ವರ ಕಾಣೂದಿಲ್ಲ ಹೋಗು" ಅಂದ ಹಾಗಾಯಿತು ಇದು.

ಈ ಸಣ್ಣ ಸ್ಕ್ರೂ ಬಗ್ಗೆ ಇಷ್ಟು ಸಿಟ್ಟು ಯಾಕ್ರೀ ಅಂತ ನೀವು ಕೇಳಬಹುದು. ಸಿಟ್ಟು ಸ್ಕ್ರೂ ಮೇಲಲ್ಲ. ರೋಗ ಹುಡುಕದೆ ರೋಗದ ಸದ್ದು ಅಡಗಿಸುವ ನಮ್ಮ ಚಾಳಿಯ ಮೇಲೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. 'ಡರ್ಟ್ ಬೈಕ್' ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಎತ್ತರದ ಮಡ್‌ಗಾರ್ಡು, ಹಲ್ಲುಹಲ್ಲಿನ ಟೈರು, ಹೆಲ್ಮೆಟ್ ಹಾಕಿಕೊಂಡು ಗುಡ್ಡ ಹಾರುವ ಹುಡುಗ. ನಮ್ಮಲ್ಲೂ 2011ರಲ್ಲಿ ಹೀರೋ ಇಂಪಲ್ಸ್ ಬಂತು, 2019ರಲ್ಲಿ ಎಕ್ಸ್‌ಪಲ್ಸ್ ಬಂತು. ಚಂದ ಗಾಡಿಗಳು, ಬ್ಯಾಡ ಅನ್ನೂದಿಲ್ಲ. ಆದರೆ ತಿಕೋಟಾದ ದ್ರಾಕ್ಷಿ ಪಡದ ಬದುವಿನ ಮೇಲೆ, ಬಬಲೇಶ್ವರದ ಎರಿಮಣ್ಣಿನ ದಾರಿಯಲ್ಲಿ ದಿನಾ ಬೆಳಗಾದರೆ ಓಡುವ ಡರ್ಟ್ ಬೈಕ್ ಯಾವುದು? 97.2 ಸಿಸಿಯ ಸ್ಪ್ಲೆಂಡರ್. 99.7 ಸಿಸಿಯ ಟಿವಿಎಸ್ ಎಕ್ಸ್‌ಎಲ್. 1985ರಲ್ಲಿ ಸಿಡಿ 100 ಬಂದಾಗಿನಿಂದ, 1994ರಲ್ಲಿ ಸ್ಪ್ಲೆಂಡರ್ ಬಂದಾಗಿನಿಂದ ನಮ್ಮ ಹೊಲದ ಕೆಲಸಕ್ಕೆ ಹೆಗಲು ಕೊಟ್ಟಿರುವುದು ಈ ಸಣ್ಣ ಎಂಜಿನ್ನುಗಳು. ಹಿಂದೆ ಎರಡು ಹಾಲಿನ ಕ್ಯಾನು, ಮುಂದೆ ಔಷಧದ ಡಬ್ಬಿ, ನಡುವೆ ಶಾಲೆಗೆ ಹೋಗುವ ಹುಡುಗ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎರಡೂ ಹಂಗಾಮಿಗೆ ಕೂಲಿಯವರನ್ನು ಕರೆತರುವುದೂ ಇದೇ, ಒಣದ್ರಾಕ್ಷಿ ಶೆಡ್ಡಿಗೆ ರಾತ್ರಿ ಕಾವಲಿಗೆ ಹೋಗುವುದೂ ಇದೇ. ಧೂಳು ತಿಂದು ಬದುಕುವ ಬೈಕು ಡರ್ಟ್ ಬೈಕ್ ಅಲ್ಲ ಅಂದರೆ ಇನ್ನಾವುದು?

ಆ ಧೂಳೇ ಈ ಕಥೆಯ ಮೂಲ. ಎಂಜಿನ್ ಓಡುವಾಗ ಎಕ್ಸಿಲೇಟರ್ ಏರಿಸಿದರೆ ಕಾರ್ಬೋರೇಟರಿನ ಸ್ಲೈಡ್ ಮೇಲೆದ್ದು ದೊಡ್ಡ ದಾರಿಯಿಂದ ಪೆಟ್ರೋಲ್ ಹೋಗುತ್ತದೆ. ಎಕ್ಸಿಲೇಟರ್ ಪೂರ್ತಿ ಬಿಟ್ಟಾಗ ಸ್ಲೈಡ್ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ನಿಗೆ ಜೀವ ಹಿಡಿಯಲು ಸಿಗುವುದು ಸ್ಲೋ ಜೆಟ್ ಅನ್ನುವ ಹಿತ್ತಾಳೆ ತುಂಡಿನ ಒಂದು ತೂತಿನಿಂದ ಬರುವ ಪೆಟ್ರೋಲ್ ಮಾತ್ರ. ಆ ತೂತಿನ ಅಗಲ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಸೂಜಿಯ ಮೊನೆಯೂ ಸುಮ್ಮನೆ ಹೋಗದ ಜಾಗ. ಟ್ಯಾಂಕಿನ ತುಕ್ಕಿನ ಒಂದು ಕಣ, ಹಳೆಯ ಪೆಟ್ರೋಲ್ ಒಣಗಿ ಉಳಿದ ಅಂಟು, ಫಿಲ್ಟರ್ ದಾಟಿ ಬಂದ ಎರಿಮಣ್ಣಿನ ಪುಡಿ, ಇಷ್ಟು ಸಾಕು. ಗಾಡಿ ಐವತ್ತರ ವೇಗದಲ್ಲಿ ಚಂದಾಗಿ ಓಡುತ್ತದೆ, ನಿಂತರೆ ಸಾಯುತ್ತದೆ. "ಓಡೂಮುಂದ ಭಾರಿ ಓಡ್ತೈತ್ರಿ, ನಿಂತಲ್ಲೇ ನಿಲ್ಲವಲ್ದು" ಅಂತ ರೈತ ಹೇಳುವ ಆ ಒಂದು ವಾಕ್ಯದಲ್ಲೇ ಅರ್ಧ ಪರೀಕ್ಷೆ ಮುಗಿದಿದೆ. ಆದರೆ ಕೇಳುವವರು ಬೇಕಲ್ಲ?

ಈಗ ಸ್ಲೋ ಸ್ಕ್ರೂ ತಿರುವಿದರೆ ಏನಾಗುತ್ತದೆ ನೋಡ್ರಿ. ಅದು ಜೆಟ್ ತೊಳೆಯುವುದಿಲ್ಲ, ಧೂಳು ತೆಗೆಯುವುದಿಲ್ಲ. ಸ್ಲೈಡನ್ನು ಕೂದಲೆಳೆಯಷ್ಟು ಮೇಲೆತ್ತಿ ಹಿಡಿಯುತ್ತದೆ, ಅಷ್ಟೇ. ಅಂದರೆ ನೀವೇ ಎಕ್ಸಿಲೇಟರನ್ನು ಸ್ವಲ್ಪ ತಿರುವಿ ಕೂತ ಹಾಗೆ. ಅಡುಗೆಮನೆಯ ನಲ್ಲಿ ಕಟ್ಟಿಕೊಂಡಿದೆ ಅಂತ ಹಿತ್ತಲ ನಲ್ಲಿಯನ್ನು ಹಗಲುರಾತ್ರಿ ಬಿಟ್ಟು ಇಟ್ಟ ಹಾಗೆ. ನೀರು ಬಂತು ಖರೆ, ನಲ್ಲಿ ರಿಪೇರಿ ಆಯಿತೇನು?

ಸ್ಪ್ಲೆಂಡರಿನಂಥ ಗಾಡಿಗೆ ಕಂಪನಿ ಹೇಳುವ ಸ್ಲೋ ನಿಮಿಷಕ್ಕೆ 1400 ಸುತ್ತಿನ ಆಸುಪಾಸು. ಈ ಗಾಡಿಗಳಿಗೆ ಸುತ್ತು ತೋರಿಸುವ ಮೀಟರ್ ಇಲ್ಲ, ಕಿವಿಯೇ ಮೀಟರ್. ಒಂದೊಂದು ಸಲ ಗ್ಯಾರೇಜಿನಿಂದ ಹೊರಬಂದ ಗಾಡಿಯ ಸದ್ದು ಕೇಳಿದರೆ ಗಿರಣಿ ಚಾಲೂ ಮಾಡಿದ ಹಾಗೆ ಇರುತ್ತದೆ. ನಿಂತಲ್ಲೇ ಪೆಟ್ರೋಲ್ ಕುಡಿಯುತ್ತದೆ, ನಿಂತಲ್ಲೇ ಕಾಯುತ್ತದೆ. ಮೊದಲನೇ ಗೇರ್ ಹಾಕಿದರೆ ಕಟಕ್ ಅಂತ ಜಿಗಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಎಕ್ಸಿಲೇಟರ್ ಬಿಟ್ಟರೂ ಗಾಡಿ ಮುಂದಕ್ಕೆ ನೂಕುತ್ತಲೇ ಇರುತ್ತದೆ. ಮಳೆ ಬಿದ್ದ ಎರಿಮಣ್ಣಿನ ದಾರಿಯಲ್ಲಿ ಬ್ರೇಕ್ ಹಿಡಿದರೆ ಜಾರುತ್ತದೆ ಅಂತ ನಾವೆಲ್ಲ ಎಂಜಿನ್ ಮೇಲೆ ವೇಗ ಇಳಿಸುವವರು. ಆ ಆಸರೆಯನ್ನೇ ಈ ಸ್ಕ್ರೂ ಕಿತ್ತುಕೊಳ್ಳುತ್ತದೆ. ಹಿಂದೆ ಕೂತ ಹೆಂಗಸಿನ ಮಡಿಲಲ್ಲಿ ಕೂಸಿದ್ದರೆ? ಆಗ ಈ ಮಾತು ಬರೀ ಮೆಕ್ಯಾನಿಕ್ಕಿನ ಮಾತಾಗಿ ಉಳಿಯುವುದಿಲ್ಲ.

ಇದರ ಉಲ್ಟಾ ಅಪಾಯವೂ ಅಷ್ಟೇ ದೊಡ್ಡದು. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳನ್ನು ನೋಡಿದವರಿಗೆ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು, ಹಾಡು ಜೋರು, ಹಿಂದಿನ ದೀಪ ಇದ್ದರೆ ಪುಣ್ಯ. ಅಂಥ ರಸ್ತೆಗೆ ಹೊಲದ ದಾರಿಯಿಂದ ಅಡ್ಡ ಏರುವಾಗ ನಡುವೆ ಗಾಡಿ ಬಂದ್ ಬಿದ್ದರೆ ಕಿಕ್ ಹೊಡೆಯಲು ಎಷ್ಟು ಸೆಕೆಂಡ್ ಸಿಗುತ್ತದೆ? ನಾನು ವಿಜಯಪುರ–ತಿಕೋಟಾ ರಸ್ತೆಯಲ್ಲಿ ದಿನಾ ಓಡಾಡುವವನು. ರಸ್ತೆ ನಡುವೆ ನಿಂತ ಗಾಡಿಯನ್ನು ಕಾಲಿನಿಂದ ನೂಕುತ್ತಾ, ಮುಖದಲ್ಲಿ ಬೆವರು ಒರೆಸುವ ಪುರಸೊತ್ತೂ ಇಲ್ಲದ ಮುದುಕರನ್ನು, ಕಾಲೇಜಿನ ಹುಡುಗಿಯರನ್ನು ಎಷ್ಟೋ ಸಲ ನೋಡಿದ್ದೇನೆ. "ಸ್ಲೋ ನಿಲ್ಲೂದಿಲ್ಲ" ಅನ್ನುವುದು ಸಣ್ಣ ತಕರಾರಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ವಿದ್ಯೆ ಏನಲ್ಲ, ಕ್ರಮ ಬೇಕು. ಅಗ್ಗದ್ದು ಮೊದಲು, ತುಟ್ಟಿಯದ್ದು ಕಡೆಗೆ. ಹೊರಗಿನದ್ದು ಮೊದಲು, ಬಿಚ್ಚುವುದು ಆಮೇಲೆ.

ಮೊದಲು ಗಾಳಿಯ ಫಿಲ್ಟರ್. ನಮ್ಮ ಧೂಳಿಗೆ ಪುಸ್ತಕದ ಕಿಲೋಮೀಟರ್ ಲೆಕ್ಕ ನಂಬಿ ಕೂರಬೇಡಿ. ಡಾಂಬರಿನ ಮೇಲೆ ಓಡುವ ಗಾಡಿಯ ಲೆಕ್ಕ ಅದು. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾಗುತ್ತದೆ. ಪ್ಲಗ್ ಕರ್ರಗೆ ಮಸಿ ಹಿಡಿದಿದ್ದರೆ ಅನುಮಾನ ಅಲ್ಲಿಂದಲೇ ಶುರು. ಸ್ಪಂಜಿನ ಫಿಲ್ಟರ್ ಆದರೆ ತೊಳೆದು, ಒಣಗಿಸಿ, ಎಣ್ಣೆ ಸವರಿ ಹಾಕಬೇಕು. ಕಾಗದದ್ದಾದರೆ ಬದಲಿಸಬೇಕು. ಫಿಲ್ಟರನ್ನೇ ತೆಗೆದು ಒಗೆದು "ಈಗ ಪಿಕಪ್ ಭಾರಿ ಬಂತು ನೋಡು" ಅನ್ನುವ ಶೂರರೂ ಇದ್ದಾರೆ. ಅವರು ಸಿಲಿಂಡರಿಗೆ ಉಸುಕಿನ ಕಾಗದ ಹಾಕಿ ತಿಕ್ಕುತ್ತಿದ್ದಾರೆ, ಅಷ್ಟೇ.

ಆಮೇಲೆ ಕೇಬಲ್. ಗಾಡಿ ಚಾಲೂ ಇಟ್ಟು ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುವಿ ನೋಡಿ. ಸದ್ದು ಏರಿದರೆ ಎಕ್ಸಿಲೇಟರ್ ಕೇಬಲ್ ಬಿಗಿ ಇದೆ ಎಂದರ್ಥ, ಕಾರ್ಬೋರೇಟರ್ ಮುಟ್ಟುವ ಕೆಲಸವೇ ಇಲ್ಲ. ಹತ್ತಿಪ್ಪತ್ತು ನಿಮಿಷ ಓಡಿ ಸಾಯುವ ಗಾಡಿಯ ಟ್ಯಾಂಕಿನ ಮುಚ್ಚಳ ಒಮ್ಮೆ ತೆಗೆದು ನೋಡಿ. ತೆಗೆದ ಮೇಲೆ ಸರಿಯಾದರೆ ಮುಚ್ಚಳದ ಗಾಳಿತೂತು ಮಣ್ಣಿನಿಂದ ಮುಚ್ಚಿದೆ. ಐದು ಪೈಸೆಯ ಖರ್ಚಿಲ್ಲ.

ಮೂರನೆಯದು ಕಾರ್ಬೋರೇಟರಿಗೂ ಎಂಜಿನ್ನಿಗೂ ನಡುವಿನ ಜೋಡಣೆ. ಅಲ್ಲಿನ ರಬ್ಬರು ನಮ್ಮ ಬಿಸಿಲಿಗೆ ಬಿರುಕು ಬಿಡುತ್ತದೆ, ಒಳಗಿನ ರಿಂಗು ಚಪ್ಪಟೆಯಾಗುತ್ತದೆ. ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತದೆ. ಇದರ ಗುರುತು ಏನೆಂದರೆ ಎಕ್ಸಿಲೇಟರ್ ಬಿಟ್ಟರೂ ಸದ್ದು ಕೂಡಲೇ ಇಳಿಯುವುದಿಲ್ಲ, ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಚಾಲೂ ಇದ್ದಾಗ ಆ ಜೋಡಣೆಯ ಮೇಲೆ ಸೋಪಿನ ನೀರು ಚಿಮುಕಿಸಿ. ಸದ್ದು ಬದಲಾದರೆ ಕಳ್ಳ ಸಿಕ್ಕ. ಈ ಕಳ್ಳನನ್ನು ಬಿಟ್ಟು ಸ್ಕ್ರೂ ತಿರುವಿದವನು ಇವತ್ತು ಸರಿ ಮಾಡಿದ್ದು ನಾಳೆ ಕೆಡುತ್ತದೆ, ಯಾಕೆಂದರೆ ಬಿರುಕು ದಿನಾ ಬೆಳೆಯುತ್ತದೆ.

ನಾಲ್ಕನೆಯದು ಜೆಟ್ಟು. ಚೋಕ್ ಹಾಕಿದರೆ ಮಾತ್ರ ನಿಲ್ಲುವ, ತೆಗೆದರೆ ಸಾಯುವ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ. ಕಳ್ಳಗಾಳಿ ಇಲ್ಲ ಅಂತ ಖಾತ್ರಿಯಾದ ಮೇಲೆ ಕಾರ್ಬೋರೇಟರ್ ಬಿಚ್ಚಿ. ಇಲ್ಲಿ ನನ್ನ ದೊಡ್ಡ ಜಗಳ ಸೇಫ್ಟಿ ಪಿನ್ನಿನ ಜೊತೆ. ಹಿತ್ತಾಳೆ ಮೆತ್ತಗಿನ ಲೋಹ, ಉಕ್ಕಿನ ಪಿನ್ನು ತೂರಿಸಿದರೆ ತೂತು ದೊಡ್ಡದಾಗುತ್ತದೆ. ಆಮೇಲೆ ಆ ಜೆಟ್ಟಿಗೆ ಯಾವ ಅಳತೆಯೂ ಉಳಿಯುವುದಿಲ್ಲ, ಗಾಡಿ ಜೀವಮಾನವಿಡೀ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕಾರ್ಬ್ ಕ್ಲೀನರ್ ಹೊಡೆದು ನೆನೆಸಿ, ಕಂಪ್ರೆಸರಿನ ಗಾಳಿ ಹಿಡಿಯಿರಿ. ತೀರಾ ಕಟ್ಟಿದ್ದರೆ ಕರೆಂಟ್ ವಾಯರಿನ ಒಳಗಿನ ತಾಮ್ರದ ಒಂದೇ ಎಳೆ ಸಾಕು. ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಜೆಟ್ ತೊಳೆದು ಕೂಡಿಸಿದರೆ ಸಾಲದು, ಕಾರ್ಬೋರೇಟರಿನ ಒಳದಾರಿಗಳಿಗೂ ಗಾಳಿ ಹೊಡೆಯಬೇಕು.

ಐದನೆಯದು ಟ್ಯಾಪೆಟ್. ತಣ್ಣಗಿದ್ದಾಗ ಸರಿಯಾಗಿ ನಿಂತು, ಕಾದ ಮೇಲೆ ಸಾಯುವ ಗಾಡಿಯ ವಾಲ್ವಿನ ಸಂದು ಬಿಗಿಯಾಗಿರಬಹುದು. ಈ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅದನ್ನು ಫೀಲರ್ ಗೇಜಿನಿಂದ, ಎಂಜಿನ್ ತಣ್ಣಗಿದ್ದಾಗ ಅಳೆಯಬೇಕು. "ಕೈ ಅಂದಾಜ್ ಅದರಿ ನಂದು" ಅನ್ನುವವರ ಕೈಗೆ ನಮಸ್ಕಾರ, ಆದರೆ ಗೇಜಿನ ಬೆಲೆ ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ.

ಇಷ್ಟೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಸ್ಕ್ರೂ. ಎಂಜಿನ್ ಹತ್ತು ನಿಮಿಷ ಓಡಿಸಿ ಕಾಯಿಸಿ. ಗಾಳಿ–ಪೆಟ್ರೋಲ್ ಹದ ಮಾಡುವ ಇನ್ನೊಂದು ಸ್ಕ್ರೂ ಇದೆಯಲ್ಲ, ಅದನ್ನು ಮೆಲ್ಲಗೆ ತಿರುವುತ್ತಾ ಸದ್ದು ಎಲ್ಲಿ ಅತಿ ಹೆಚ್ಚು, ಎಲ್ಲಿ ಅತಿ ಸಮ ಅಂತ ಕಿವಿಗೊಟ್ಟು ಹುಡುಕಿ, ಅಲ್ಲಿ ಬಿಡಿ. ಆ ಸ್ಕ್ರೂ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯದ್ದು, ಒಳಗೆ ತಿರುವಿದರೆ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ. ಎಂಜಿನ್ ಕಡೆಗಿದ್ದರೆ ಇದರ ಉಲ್ಟಾ. ಎರಡೂ ಒಂದೇ ಅಂತ ತಿಳಿದವರೇ ಹೆಚ್ಚು. ಇದಾದ ಮೇಲೆ ಸ್ಲೋ ಸ್ಕ್ರೂ ಇಳಿಸಿ ಬೇಕಾದ ಸದ್ದಿಗೆ ತನ್ನಿ. ಹೌದು, ಇಳಿಸಿ. ಸರಿಯಾದ ರಿಪೇರಿಯಲ್ಲಿ ಆ ಸ್ಕ್ರೂ ಏರುವುದಕ್ಕಿಂತ ಇಳಿಯುವುದೇ ಜಾಸ್ತಿ.

ಗೋಳಗುಮ್ಮಟದಲ್ಲಿ ಒಬ್ಬರು ಪಿಸುಗುಟ್ಟಿದ್ದು ಎದುರು ಗೋಡೆಗೆ ಕೇಳುತ್ತದೆ ಅಂತ ಊರೂರಿನ ಜನ ಮೆಟ್ಟಿಲು ಹತ್ತಿ ಬರ್ತಾರೆ. ಅದೇ ಊರಿನಲ್ಲಿ ಎಂಜಿನ್ ಇಷ್ಟು ಜೋರಾಗಿ ತನ್ನ ರೋಗ ಹೇಳಿಕೊಂಡರೂ ಕೇಳಿಸಿಕೊಳ್ಳದ ನಮಗೆ ಏನನ್ನಬೇಕು?

ಇಲ್ಲಿಗೆ ಬಂದಾಗ ಗ್ಯಾರೇಜಿನವರು ಸುಮ್ಮನಿರುವುದಿಲ್ಲ, ಇರಲೂಬಾರದು. "ಸರ್ರ, ನೀವು ಹೇಳಿದ್ದೆಲ್ಲಾ ಮಾಡಾಕ ಅರ್ಧಾ ದಿನಾ ಬೇಕು. ಗಿರಾಕಿ ಕೊಡೂದು ಐವತ್ತು ರೂಪಾಯಿ. ಅದರಾಗೂ ಚೌಕಾಶಿ. ಮ್ಯಾಲ ನಿಂತು 'ಲಗೂನ ಮುಗಸೋ ತಮ್ಮಾ' ಅಂತಾರ." ಈ ಮಾತು ಸತ್ಯ. ನನ್ನ ಅರ್ಧ ಸಿಟ್ಟು ಗಿರಾಕಿಗಳ ಮೇಲೆಯೇ. ಮಗನ ಮೊಬೈಲಿನ ಗಾಜಿಗೆ ಸಾವಿರಾರು ರೂಪಾಯಿ ಮರುಮಾತಿಲ್ಲದೆ ಕೊಡುವ ಮನುಷ್ಯ, ತನ್ನ ಹೊಟ್ಟೆಪಾಡು ಹೊತ್ತ ಎಂಜಿನ್ನಿಗೆ ನೂರೈವತ್ತು ಕೊಡಲು ಒದ್ದಾಡುತ್ತಾನೆ. ಐವತ್ತು ಕೊಟ್ಟರೆ ಐವತ್ತರ ಕೆಲಸವೇ ಸಿಗುವುದು. ತಿಂಗಳಿಗೆ ಮೂರು ಸಲ ಸ್ಕ್ರೂ ತಿರುವಿಸಿಕೊಂಡರೆ ಅಲ್ಲಿಗೆ ನೂರೈವತ್ತು ಆಯಿತು. ರೋಗ ಅಲ್ಲೇ ಉಳಿಯಿತು, ನಡುವೆ ಸುಟ್ಟ ಪೆಟ್ರೋಲ್ ಬೇರೆ. ಲೆಕ್ಕ ಬರದಷ್ಟು ದಡ್ಡರಲ್ಲ ನಾವು. ದ್ರಾಕ್ಷಿಯ ದರ ಕಿಲೋಗೆ ಒಂದು ರೂಪಾಯಿ ಇಳಿದರೆ ವ್ಯಾಪಾರಿಯ ಜೊತೆ ಅರ್ಧ ತಾಸು ವಾದ ಮಾಡ್ತೀವಿ.

ಆದರೆ ಗ್ಯಾರೇಜಿನವರಿಗೂ ಒಂದು ಪ್ರಶ್ನೆ. ಗಿರಾಕಿ ಅವಸರ ಮಾಡಿದ ಅಂತ ಡಾಕ್ಟರು ತಪ್ಪು ಔಷಧ ಬರೆದರೆ ನೀವು ಒಪ್ತೀರೇನು? "ಕಾಕಾ, ಸಂಜೀ ತನಕ ಗಾಡಿ ಬಿಟ್ಟು ಹೋಗ್ರಿ, ಇಷ್ಟು ಖರ್ಚು ಬರ್ತೈತಿ, ಹಿಂಗಿಂಗ ಆಗೈತಿ" ಅಂತ ಬಾಯಿಬಿಟ್ಟು ಹೇಳಿದರೆ ಹತ್ತರಲ್ಲಿ ಆರು ಮಂದಿ ಬಿಟ್ಟು ಹೋಗ್ತಾರೆ. ಹೇಳುವವರೇ ಇಲ್ಲವಾದರೆ ಗಿರಾಕಿಗೆ ತಿಳಿಯುವುದು ಹೇಗೆ?

ಇನ್ನೊಂದು ಗುಂಪಿದೆ. ಶೋರೂಮಿನ ಎಸಿಯಲ್ಲಿ ಕೂತು, "ಹಳೇ ಗಾಡಿ ಯಾಕ ಬಡಿದಾಡ್ತೀರಿ, ಹೊಸಾದು ತಗೋರಿ, ಕಾರ್ಬೋರೇಟರ್ ಕಾಲ ಮುಗೀತು" ಅನ್ನುವವರು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂತು, ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂತು, ನಿಜ. ಒಳ್ಳೆಯದೂ ಹೌದು, ಹೊಗೆ ಕಡಿಮೆ. ಆದರೆ ಧೂಳು ಕಡಿಮೆ ಆಯಿತೇ? ಇಂಜೆಕ್ಷನ್ ಗಾಡಿಗೂ ಫಿಲ್ಟರ್ ಕಟ್ಟುತ್ತದೆ, ಥ್ರಾಟಲ್ ಬಾಡಿಗೆ ಮಸಿ ಹಿಡಿಯುತ್ತದೆ, ರಬ್ಬರ್ ಬಿರುಕು ಬಿಡುತ್ತದೆ, ಪ್ಲಗ್ ಸವೆಯುತ್ತದೆ. ಸ್ಲೋ ನಿಲ್ಲದ ಹೊಸ ಗಾಡಿಗಳೂ ಬೇಕಾದಷ್ಟಿವೆ. ವ್ಯತ್ಯಾಸ ಇಷ್ಟೇ: ಹಳೆಯದನ್ನು ಬಬಲೇಶ್ವರದ ಶೆಡ್ಡಿನಲ್ಲಿ ಬಿಚ್ಚಬಹುದಿತ್ತು, ಹೊಸದಕ್ಕೆ ಸ್ಕ್ಯಾನರ್ ಬೇಕು, ಸ್ಕ್ಯಾನರ್ ಇರುವುದು ಪಟ್ಟಣದಲ್ಲಿ. ರೈತ ಒಂದು ದಿನದ ಕೆಲಸ ಬಿಟ್ಟು ವಿಜಯಪುರಕ್ಕೆ ಗಾಡಿ ಹೇರಿಕೊಂಡು ಬರಬೇಕು.

ಈ ಹೊತ್ತಿನಲ್ಲಿ ಎಥೆನಾಲ್ ಮಾತು ಬಿಡುವ ಹಾಗಿಲ್ಲ. 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ನಮ್ಮ ಹೊಲದ ಕಬ್ಬೇ ಕಾರ್ಖಾನೆ ಸುತ್ತಿ ನಮ್ಮ ಟ್ಯಾಂಕಿಗೆ ವಾಪಸ್ ಬರುತ್ತಿದೆ. ಕಬ್ಬು ಬೆಳೆಯುವವನಿಗೆ ಅದರಿಂದ ದುಡ್ಡು ಸಿಗುವುದಾದರೆ ಸಿಗಲಿ, ನನ್ನ ತಕರಾರಿಲ್ಲ. ಎಲ್ಲಾ ರೋಗಕ್ಕೂ ಎಥೆನಾಲನ್ನೇ ಬೈಯುವವರ ಸಾಲಿನಲ್ಲೂ ನಾನಿಲ್ಲ. ಆದರೆ ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಸ್ವಲ್ಪ ಹೆಚ್ಚು ಇಂಧನ ಬೇಕು. ಇಂಜೆಕ್ಷನ್ ಗಾಡಿ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬೋರೇಟರಿಗೆ ಆ ಬುದ್ಧಿ ಇಲ್ಲ, ಮನುಷ್ಯನೇ ಹದ ಮಾಡಬೇಕು. ಜೊತೆಗೆ ಎಥೆನಾಲ್ ತೇವ ಹೀರುತ್ತದೆ. ನೀರು ಹೆಚ್ಚಾದರೆ ಬೇರೆಯಾಗಿ ತಳಕ್ಕೆ ಕೂರುತ್ತದೆ, ಎಂಜಿನ್ ಕುಡಿಯುವುದೂ ತಳದಿಂದಲೇ. ಹಂಗಾಮು ಮುಗಿದ ಮೇಲೆ ಮೂಲೆಗೆ ನಿಲ್ಲಿಸುವ ಔಷಧದ ಪಂಪು, ತಿಂಗಳುಗಟ್ಟಲೆ ಮುಟ್ಟದ ಹಳೇ ಎಕ್ಸ್‌ಎಲ್, ಇವುಗಳ ಕಾರ್ಬೋರೇಟರಿನ ಬಟ್ಟಲನ್ನು ತಳದ ಸ್ಕ್ರೂ ಬಿಚ್ಚಿ ಖಾಲಿ ಮಾಡಿ ಇಡಿ. ಮುಂದಿನ ಸಲ ಅರ್ಧ ತಾಸು ಹಗ್ಗ ಎಳೆಯುವುದು ತಪ್ಪುತ್ತದೆ. ದಾವಣಿ ರೋಗ ಬಿದ್ದ ಮುಂಜಾನೆ ಪಂಪು ಚಾಲೂ ಆಗದಿದ್ದರೆ ಹೋಗುವುದು ಜೆಟ್ಟಿನ ಬೆಲೆಯಲ್ಲ, ಪಡದ ಬೆಲೆ.

ಈ ಸರಳ ಮಾತುಗಳನ್ನು ಪೆಟ್ರೋಲ್ ಪಂಪಿನ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲು ಎಷ್ಟು ಖರ್ಚು? ಗಾಡಿ ಮಾರುವಾಗ ಕನ್ನಡದಲ್ಲಿ ಹಾಡು ಕಟ್ಟಿ ಜಾಹೀರಾತು ಮಾಡುವ ಕಂಪನಿಗಳು, ರಿಪೇರಿಯ ಪುಸ್ತಕದ ಮಾತು ಬಂದಾಗ ಕನ್ನಡ ಮರೆಯುತ್ತವೆ. ಮಿಸ್ತ್ರಿಗೆ ಓದಲು ಸಿಗುವಂಥ, ಅಳತೆಗಳೆಲ್ಲ ಇರುವ ಕನ್ನಡದ ಸರ್ವಿಸ್ ಪುಸ್ತಕ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸಣ್ಣ ವಯಸ್ಸಿನಲ್ಲೇ ಪಾನಾ ಹಿಡಿದು, ಉಸ್ತಾದನ ಬೈಗಳ ತಿಂದು ಕಲಿತ ಹುಡುಗನಿಗೆ ಅಳತೆ ಹೇಳಿದವರು ಯಾರು? ಉಸ್ತಾದ ಸ್ಕ್ರೂ ತಿರುವಿದ, ಇವನೂ ತಿರುವಿದ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ವಾಹನ ಎರಡೂ ಅದರ ಪಟ್ಟಿಯಲ್ಲಿವೆ. ಒಳ್ಳೆಯ ಹೆಜ್ಜೆ. ಆದರೆ ತಿಕೋಟಾದ ಮಿಸ್ತ್ರಿಗೆ ತಿಳಿಯದ ಭಾಷೆಯ ಹಕ್ಕು ಮಿಸ್ತ್ರಿಯ ಹಕ್ಕಾಗುವುದು ಹೇಗೆ?

ಹೀಗಾಗಿ ನನ್ನ ಬೇಡಿಕೆ ಮೂರು ಕಡೆಗೆ. ಕಂಪನಿಗಳೇ, ಅಳತೆಗಳನ್ನು ಕನ್ನಡದಲ್ಲಿ ಕೊಡಿ, ಸ್ಕ್ಯಾನರನ್ನು ಹಳ್ಳಿಯ ಗ್ಯಾರೇಜಿಗೂ ಕೈಗೆಟುಕುವ ದರಕ್ಕೆ ಮಾರಿ. ಮಿಸ್ತ್ರಿಗಳೇ, ಪಿನ್ನು ಒಗೆಯಿರಿ, ಗೇಜ್ ಕೊಳ್ಳಿರಿ, ಗಾಡಿಯ ಮಾಲೀಕನಿಗೆ ರೋಗದ ಹೆಸರು ಹೇಳಿ. ಗಾಡಿ ಇಟ್ಟವರೇ, ಸರಿಯಾದ ಕೆಲಸಕ್ಕೆ ಸರಿಯಾದ ಕೂಲಿ ಕೊಡಿ, ಕೊಟ್ಟ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: "ತಮ್ಮಾ, ಸ್ಕ್ರೂ ಏರಿಸಿದ್ಯೋ, ಜೆಟ್ ತೊಳದ್ಯೋ?"

ಎಲ್ಲರೂ ಈ ಪ್ರಶ್ನೆ ಕೇಳಲು ಶುರು ಮಾಡಿದ ದಿನ ನಮ್ಮ ಗಾಡಿಗಳು ಬಂದ್ ಬೀಳುವುದು ಅರ್ಧಕ್ಕರ್ಧ ನಿಲ್ಲುತ್ತದೆ. ಉಳಿದರ್ಧಕ್ಕೆ ಫಿಲ್ಟರ್ ತೊಳೆಯಿರಿ.